ಚೂಪು ತಳದ ದೋಣಿ

ದೊಡ್ಡಮುನಿಯಮ್ಮನಿಗೆ ಹರಿಗೋಲೆಂದರೆ ಸಂಕಟ. ಕಾವೇರಿಯ ಆಚೆ ದಡದಲ್ಲಿ ಮಗಳು ಮಂಗಮ್ಮ ಏಳು ತಿಂಗಳ ಬಸುರಿ. ಅವಳನ್ನು ನೋಡಲು ಹೋದಾಗಲೆಲ್ಲ ಹರಿಗೋಲು ಗಿರ್ರನೆ ತಿರುಗಿ, ಮುದುಕಿ ಕಾರಿಕೊಂಡು ಮರಳ ಮೇಲೆ ಅಂಗಾತ ಬೀಳುತ್ತಿದ್ದಳು.

ಮಗ ಅಂಜನಪ್ಪ ಹೊಸೂರಿನಲ್ಲಿ ವೆಲ್ಡಿಂಗ್ ಕೆಲಸದವನು. ಇಸವಿ ಎಂಬತ್ತೆರಡರ ಕಾರ್ತಿಕದಲ್ಲಿ ರಜೆ ಹಾಕಿ, ಎಣ್ಣೆ ಡ್ರಮ್ಮುಗಳನ್ನು ಸೀಳಿ ಅವ್ವನಿಗಾಗಿ ತಗಡಿನ ದೋಣಿ ಮಾಡಿದ. ಮೇಲೆ ಅಗಲ, ಕೆಳಗೆ ಚೂಪು. ಅಂಚೆಟ್ಟಿ ಪೇಟೆಯಲ್ಲಿ ಮಾಡಿದ್ದನ್ನು ಹೊಳೆಯವರೆಗೆ ಗಾಡಿಯಲ್ಲಿ ಸಾಗಿಸಿದ.

ಹರಿಗೋಲಿನ ಮುತ್ತರಾಯಪ್ಪ ಅದರ ತಳವನ್ನು ಅಂಗೈಯಿಂದ ಸವರಿದ.

"ಇದೇನ್ಲಾ, ನೇಗಿಲಾ? ಹೊಳೆ ಉಳಾಕ್ ಹೊಂಟಿದ್ದೀಯಾ?"

"ನೀರು ಸೀಳ್ಕೊಂಡು ನೆಟ್ಟಗೆ ಹೋಗ್ತದೆ ಮಾವ. ನಿನ್ ಮಂಕ್ರಿ ಹರಿಗೋಲ್ ಥರ ಬುಗುರಿ ಆಡಲ್ಲ."

"ನೆಟ್ಟಗೇನೋ ಹೋಗ್ತದೆ ಕಣ್ಲಾ. ಚಪ್ಪಟೆ ತಳ ನೀರ್ ಮೇಲೆ ಕೂತ್ಕೊಂತದೆ. ಇದು ಕೂರಲ್ಲ, ಒಂಟಿ ಕಾಲಲ್ಲಿ ನಿಂತ್ಕೊಂತದೆ."

"ಹೊಟ್ಟೆಕಿಚ್ಚು ನಿಂಗೆ!" ಅಂಜನಪ್ಪ ನಕ್ಕ. ಎರಡು ದಿನ ಕಲ್ಲು ಹೇರಿ, ಹುಟ್ಟು ಹಾಕಿ ನೋಡಿದ್ದ. ದೋಣಿ ವಾಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವ್ವನ ಜೊತೆ ಇನ್ನಿಬ್ಬರು ಹೆಂಗಸರು ಹತ್ತಿದರು. ಅಂಜನಪ್ಪ ಹುಟ್ಟು ಹಾಕಿದ; ದೋಣಿ ಸೂಜಿಯಂತೆ ಹೊರಟಿತು.

"ಜಗಲೀಲಿ ಕೂತಂಗೈತೆ ಕಣಪ್ಪ," ಎಂದಳು ದೊಡ್ಡಮುನಿಯಮ್ಮ.

ನಡುಹೊಳೆಯಲ್ಲಿ ಬೊಗಸೆ ನೀರು ತಲೆಗೆ ಹಾಕಿಕೊಳ್ಳದೆ ಕಾವೇರಮ್ಮನನ್ನು ಅಲ್ಲಿ ಯಾರೂ ದಾಟುವುದಿಲ್ಲ. ಅದೂ ನೀರು ಇಳಿದು ಬರುವ ಕಡೆಯಿಂದಲೇ ತೆಗೆಯಬೇಕು. ಹರಿಗೋಲು ತಿರುಗುವುದರಿಂದ, ಆ ಮಗ್ಗುಲಿಗೆ ಬಂದವರು ಒಬ್ಬೊಬ್ಬರಾಗಿ ಬಾಗುತ್ತಿದ್ದರು. ಹಾಗೇ ಬಾಗುತ್ತ ಬೆಳೆದ ಅಂಜನಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಅವನ ದೋಣಿ ತಿರುಗಲಿಲ್ಲ. ಮೂವರೂ ಒಟ್ಟಿಗೆ ನೀರು ಬರುವ ಬಲಮಗ್ಗುಲಿಗೆ ಬಾಗಿದರು.

"ಅವ್ವಾ, ಬ್ಯಾಡ..." ಎನ್ನುವಷ್ಟರಲ್ಲಿ ದೋಣಿ ಮಗುಚಿತ್ತು.

ಮುತ್ತರಾಯಪ್ಪ ಹರಿಗೋಲು ತಂದು ಇಬ್ಬರು ಹೆಂಗಸರನ್ನು ಎಳೆದುಕೊಂಡ. ಅಂಜನಪ್ಪ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಅವ್ವ ಕೈಗೆ ಸಿಗಲಿಲ್ಲ. ಕೊನೆಗೆ ಸೆಳವು ಅವನನ್ನು ಆಚೆ ದಡಕ್ಕೆ ಎಸೆಯಿತು. ಹರಿವಿನ ಕೆಳಗಡೆ ಬಂಡೆಗಳ ಸಂದಿ; ಅದರೊಳಕ್ಕೆ ಹೋದವರು ಯಾರೂ ಜೀವಂತ ಬಂದದ್ದನ್ನು ಅವನು ಕೇಳಿರಲಿಲ್ಲ.

ಮಂಗಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ದಿಬ್ಬ ಇಳಿದು ಬರುತ್ತಿದ್ದಳು. ದೋಣಿ ಮಗುಚಿದ್ದು ಅವಳಿಗೆ ಕಂಡಿರಲಿಲ್ಲ.

"ಒಬ್ಬನೇ ಬಂದ್ಯಾ ಅಣ್ಣ? ಅವ್ವ ತಿರ್ಗ ನೆಪ ಹೇಳ್ಬುಟ್ಳಾ?" ಎಂದು ದೂರದಿಂದಲೇ ರೇಗಿಸಿದಳು.

ಅವನು ಎದ್ದು ನಿಂತು ಹೊಳೆಯತ್ತ ತಿರುಗಿದ. ಅವಳು ಇನ್ನೂ ನಗುತ್ತಲೇ ಹತ್ತಿರ ಬರುತ್ತಿದ್ದಳು.