ಉದ್ದ ಇದೆ, ಅದಕ್ಕೆ

ಗ್ರಂಥಾಲಯದ ಮೇಲಿನ ಮಹಡಿಯನ್ನು ನೀರು ಸರಬರಾಜು ಕಚೇರಿಗೆ ಬಿಟ್ಟುಕೊಡಬೇಕೆಂದು ಆದೇಶ ಬಂದ ದಿನವೇ ನಮ್ಮ ಹೊಸ ಗ್ರಂಥಪಾಲಕರು ಟೇಪು ಹಿಡಿದು ಕಪಾಟುಗಳನ್ನು ಅಳೆಯತೊಡಗಿದರು. ಬಂದ ಮೊದಲ ವಾರದಲ್ಲೇ ಕಿಟಕಿ, ಮೇಜು, ಎರಡು ಕುರ್ಚಿಗಳ ನಡುವಿನ ಅಂತರ ಎಲ್ಲವನ್ನೂ ಅಳೆದು ಬರೆದುಕೊಂಡಿದ್ದರಿಂದ ಅವರಿಗೆ ಅಳತೆಗೋಲು ಎಂಬ ಹೆಸರು ಆಗಲೇ ಬಿದ್ದಿತ್ತು. ನನ್ನನ್ನು ಓದುಗರು ಸೀಲಮ್ಮ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತಿದವಳಿಗೆ ಇನ್ನೇನು ಹೆಸರಿಟ್ಟಾರು? ನನಗೇನೂ ಬೇಸರವಿಲ್ಲ.

"ಮುನ್ನೂರ ಹನ್ನೆರಡು ಅಡಿ ಪುಸ್ತಕ ಕಮ್ಮಿ ಆಗ್ಬೇಕು," ಎಂದರು ಅಳತೆಗೋಲು. ಪುಸ್ತಕವನ್ನು ಅಡಿ ಲೆಕ್ಕದಲ್ಲಿ ಹೇಳುವವರನ್ನು ನಾನು ಕಂಡದ್ದು ಅದೇ ಮೊದಲು.

ಜಾಗ ತಿನ್ನುತ್ತಿದ್ದವು ಸರಣಿಗಳು. ಹತ್ತು ಸಂಪುಟದವು, ಇಪ್ಪತ್ತರವು, ಒಂದಂತೂ ಅರವತ್ತೆಂಟರದು. ಯಾವುದನ್ನು ಉಳಿಸಬೇಕು, ಯಾವುದನ್ನು ಕಾಗದದ ಕಾರ್ಖಾನೆಗೆ ಕಳಿಸಬೇಕು ಎಂಬುದಕ್ಕೆ ಅವರೇ ಒಂದು ನಿಯಮ ಮಾಡಿದರು. ಓದುಗರಿಗೆಲ್ಲ ಒಂದೊಂದು ಚೀಟಿ ಕೊಡುವುದು. ಅದರಲ್ಲಿ ಎರಡು ಪ್ರಶ್ನೆ: ನಿಮ್ಮ ಮೆಚ್ಚಿನ ಪುಸ್ತಕ ಸರಣಿ ಯಾವುದು, ಏಕೆ? ಸರಿಯಾದ ಕಾರಣ ಕೊಟ್ಟ ಒಂದು ಚೀಟಿಯಾದರೂ ಬಿದ್ದರೆ ಆ ಸರಣಿ ಉಳಿಯುತ್ತದೆ. ಚೀಟಿ ಇಲ್ಲದಿದ್ದರೆ, ಕಳೆದ ಮೂರು ವರ್ಷದಲ್ಲಿ ಯಾರಾದರೂ ಒಯ್ದ ಸೀಲು ಇದ್ದರೂ ಸಾಕು. ಎರಡೂ ಇಲ್ಲವೆಂದರೆ ಲಾರಿ.

ಹದಿನೈದು ದಿನದಲ್ಲಿ ನಾನೂರಕ್ಕೂ ಹೆಚ್ಚು ಚೀಟಿ ಬಂದವು. ಮನುಷ್ಯರು ಪುಸ್ತಕದ ವಿಷಯದಲ್ಲಿ ಹೇಳುವಷ್ಟು ಸುಳ್ಳನ್ನು ಬೇರೆ ಯಾವ ವಿಷಯದಲ್ಲೂ ಹೇಳಲಾರರು. ನಿವೃತ್ತ ಬ್ಯಾಂಕ್ ಮ್ಯಾನೇಜರರು ಹದಿನೆಂಟು ಸಂಪುಟದ ಒಂದು ರಾಜವಂಶದ ಸರಣಿಯ ಬಗ್ಗೆ ಚೀಟಿಯ ಎರಡೂ ಬದಿ ತುಂಬಿಸಿ, ಸಾಲದೆ ಹಾಳೆ ಅಂಟಿಸಿದ್ದರು. ಅವರು ಮೊದಲ ಸಂಪುಟವನ್ನು ಒಯ್ದು ಮೂರೇ ದಿನಕ್ಕೆ ವಾಪಸ್ ತಂದದ್ದು ನನಗೆ ಗೊತ್ತು. ಪ್ರತಿ ಶುಕ್ರವಾರ ಪತ್ರಿಕೆಯೊಳಗೆ ಸುತ್ತಿಕೊಂಡು ಹೋಗುವುದು ಪ್ರೇಮಕಥೆಗಳ ಸರಣಿಯನ್ನು, ಅದೂ ಗೊತ್ತು. ಹೇಳುವುದು ಒಂದು, ಮಾಡುವುದು ಇನ್ನೊಂದು.

ನಿಜ ಬರೆದವರೂ ಇದ್ದರು. ಪತ್ತೇದಾರಿ ಸರಣಿಯ ಬಗ್ಗೆ ಕ್ಷೌರಿಕ, 'ಕೊಲೆಗಾರ ಯಾರು ಅಂತ ನನಗೆ ಅರ್ಧಕ್ಕೇ ಗೊತ್ತಾಗುತ್ತೆ, ಪೊಲೀಸರಿಗೆ ಕೊನೆವರೆಗೂ ಗೊತ್ತಾಗಲ್ಲ, ಅದಕ್ಕೆ ಖುಷಿ' ಎಂದು ಬರೆದಿದ್ದ. ಲಾರಿ ಚಾಲಕನೊಬ್ಬ ಕುದುರೆ ಸವಾರನ ಸರಣಿಗೆ, 'ಇವನೂ ಮನೆಗೆ ಹೋಗುವುದಿಲ್ಲ' ಎಂದಷ್ಟೇ ಬರೆದಿದ್ದ. ಆಸ್ಪತ್ರೆಯ ದಾದಿಯೊಬ್ಬರ ಚೀಟಿ ನನಗೆ ಎಲ್ಲಕ್ಕಿಂತ ಹಿಡಿಸಿತು: 'ಹೊಸ ಪುಸ್ತಕ ಅಂದರೆ ಹೊಸಬರ ಪರಿಚಯ ಮಾಡಿಕೊಳ್ಳಬೇಕು. ಇಡೀ ದಿನ ಅದನ್ನೇ ಮಾಡಿ ಬಂದಿರುತ್ತೇನೆ. ಸರಣಿಯಲ್ಲಾದರೆ ಎಲ್ಲರೂ ನನಗೆ ಗೊತ್ತಿರುವವರೇ.'

ಇನ್ನು ಹೊಲಿಗೆಯಮ್ಮನ ಚೀಟಿ.

ಐವತ್ತರ ಆಸುಪಾಸಿನ ಹೆಂಗಸು, ಎರಡು ಬೀದಿ ಆಚೆ ಮನೆ, ಹೊಲಿಗೆ ಕೆಲಸ. ಹನ್ನೊಂದು ವರ್ಷದಿಂದ ನಮ್ಮಲ್ಲಿ ಒಂದೇ ಸರಣಿ ಒಯ್ಯುತ್ತಿದ್ದರು. ಹೆಸರು 'ಹಡಗು ಕಟ್ಟುವವರು', ಮೂವತ್ತೊಂದು ಸಂಪುಟ. ಹಡಗು ಕಟ್ಟುವ ಒಂದು ಮನೆತನದ ಐದು ತಲೆಮಾರಿನ ಕಥೆ. ಒಂದೊಂದು ಸಂಪುಟವೂ ತಲೆದಿಂಬಿನಷ್ಟು ದಪ್ಪ. ಅದನ್ನು ಒಯ್ಯುವವರು ಬೇರೆ ಯಾರೂ ಇರಲಿಲ್ಲ. ನಮ್ಮ ನಿಯಮದ ಪ್ರಕಾರ ಪುಸ್ತಕ ಹದಿನೈದು ದಿನಕ್ಕೆ. ಎರಡು ಸಲ ಮುಂದುವರಿಸಬಹುದು. ಆಮೇಲೆ ಒಂದು ತಿಂಗಳು ಅದು ಕಪಾಟಿನಲ್ಲೇ ಇರಬೇಕು. ಮೊದಲ ಸಂಪುಟದ ಹೊತ್ತಿಗೆ ಹೊಲಿಗೆಯಮ್ಮ ಕೌಂಟರಿನ ಮುಂದೆ ನಿಂತು, "ನಮ್ಮ ಮನೇಲಿ ದಿನಕ್ಕೆ ನಾಲ್ಕೇ ಪುಟ ಆಗೋದು. ಮಧ್ಯದಲ್ಲಿ ಕಿತ್ಕೊಂಡ್ರೆ ಹೇಗೆ?" ಎಂದಿದ್ದರು. ಅಷ್ಟಕ್ಕೇ ನನ್ನ ಮನಸ್ಸು ಕರಗಿತು. ಎರಡನೆಯ ಸಂಪುಟದಿಂದ ನಾನು ಸೀಲನ್ನೇ ಒತ್ತಲಿಲ್ಲ. ಪುಸ್ತಕವನ್ನು ಕೈಗಡ ಕೊಟ್ಟ ಹಾಗೆ ಕೊಡುತ್ತಿದ್ದೆ. ಸೀಲು ಇದ್ದರೆ ತಾನೇ ಅವಧಿ ಮುಗಿಯುವುದು. ಅವರು ನಾಲ್ಕೈದು ತಿಂಗಳು ಇಟ್ಟುಕೊಂಡು, ಒಂದು ಪುಟವನ್ನೂ ಮಡಿಸದೆ ತಂದುಕೊಟ್ಟು, ಮುಂದಿನದನ್ನು ಒಯ್ಯುತ್ತಿದ್ದರು.

ಚೀಟಿ ಹಂಚುತ್ತಿದ್ದಾಗ ಒಂದು ದಿನ, ಹೊಲಿದ ಬಟ್ಟೆ ತಲುಪಿಸಲು ಹೋಗುತ್ತಿದ್ದವರನ್ನು ನಾನೇ ಕರೆದು ಚೀಟಿ ಕೊಟ್ಟೆ. ಏಕೆ ಕೊಡುತ್ತಿದ್ದೇವೆ ಎಂದು ಹೇಳಲಿಲ್ಲ. ಹೇಳಬಾರದು, ಜನ ಗಲಾಟೆ ಮಾಡುತ್ತಾರೆ ಎಂದು ಅಳತೆಗೋಲಿನ ಅಪ್ಪಣೆಯಾಗಿತ್ತು. ಅವರು ನಿಂತಲ್ಲೇ ಪೆನ್ಸಿಲಿನಲ್ಲಿ ಬರೆದರು. ಹೋಗುವಾಗ ತಿರುಗಿ, "ಮೂವತ್ತೊಂದಾದ್ಮೇಲೆ ಅವರು ಇನ್ನೇನೂ ಬರೆದಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖ ಸಪ್ಪಗಾಯಿತು.

ಚೀಟಿಯಲ್ಲಿ ಹೀಗಿತ್ತು: 'ಹಡಗು ಕಟ್ಟುವವರು. ಉದ್ದ ಇದೆ, ಅದಕ್ಕೆ.'

"ಇದೂ ಒಂದು ಕಾರಣಾನಾ?" ಎಂದರು ಅಳತೆಗೋಲು, ಚೀಟಿಯನ್ನು ಬೆಳಕಿಗೆ ಹಿಡಿದು. "ಉದ್ದ ಇದೆ ಅಂತಲೇ ಅಲ್ವೇನ್ರೀ ನಾವು ತೆಗೀತಿರೋದು!" ಅವರು ನಕ್ಕರು. ನಾನೂ ನಕ್ಕೆ. ಚೀಟಿ ತಿರಸ್ಕೃತವಾದವುಗಳ ಡಬ್ಬಿಗೆ ಹೋಯಿತು. ಆ ನಗುವಿಗಾಗಿ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಬುಧವಾರ ಮಧ್ಯಾಹ್ನ, ತೆಗೆಯಬೇಕಾದ ಪುಸ್ತಕಗಳ ಪಟ್ಟಿ ನನ್ನ ಮೇಜಿಗೆ ಬಂತು. ನಲವತ್ತಮೂರು ಹಾಳೆ. ಪ್ರತಿ ಹಾಳೆಗೂ 'ಪರಿಶೀಲಿಸಿದೆ' ಎಂಬ ಸೀಲು ಬೇಕಿತ್ತು. ಪರಿಶೀಲಿಸಬೇಕಾದವಳು ನಾನು. ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ, ಎಡಗೈ ಹಾಳೆ ತಿರುವಿತು, ಬಲಗೈ ಸೀಲು ಒತ್ತಿತು, ಕಣ್ಣು ಗಡಿಯಾರ ನೋಡುತ್ತಿತ್ತು. ಮೂವತ್ತೆಂಟನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು ಎಂದು ನಾನು ಓದಿದ್ದು ಆಮೇಲೆ: 'ಹಡಗು ಕಟ್ಟುವವರು. ಹನ್ನೊಂದು ವರ್ಷದಿಂದ ಯಾರೂ ಒಯ್ದಿಲ್ಲ. ೨೭ನೇ ಸಂಪುಟ ಕಾಣೆಯಾಗಿದೆ. ಸರಣಿ ಅಪೂರ್ಣ.' ಕಾಣೆಯಾದದ್ದು ಹೊಲಿಗೆಯಮ್ಮನ ಮನೆಯಲ್ಲಿತ್ತು. ಗುರುವಾರ ಲಾರಿ ಬಂತು.

ಶನಿವಾರ ಹೊಲಿಗೆಯಮ್ಮ ಇಪ್ಪತ್ತೇಳನೆಯದನ್ನು ಕೌಂಟರಿನ ಮೇಲಿಟ್ಟರು. "ಇಪ್ಪತ್ತೆಂಟು ಕೊಡಿ. ಬೇಗ ಕೊಡಿ, ಕಥೇಲಿ ಆ ಮನೆ ಹುಡುಗ ಹಡಗು ಹತ್ತಿಬಿಟ್ಟಿದ್ದಾನೆ."

ಕಪಾಟಿನ ಬಳಿ ಹೋದೆ. ಆ ಸಾಲಿನಲ್ಲಿ ಧೂಳಿನ ಗೆರೆ ಮಾತ್ರ ಇತ್ತು. ಕಾಗದದ ಕಾರ್ಖಾನೆಗೆ ಫೋನ್ ಮಾಡಿದೆ. "ಗುರುವಾರದ್ದಾ ಅಮ್ಮ? ಅದಾಗ್ಲೇ ನೀರಲ್ಲಿ ಕರಗಿ ಹೋಯ್ತು. ನಾಳಿದ್ದು ರಟ್ಟಾಗುತ್ತೆ," ಎಂದ ಆ ಕಡೆಯವನು. ಗೊತ್ತಿದ್ದ ಗ್ರಂಥಾಲಯಗಳಿಗೆ, ಹಳೆ ಪುಸ್ತಕದ ಅಂಗಡಿಗಳಿಗೆ, ಎಲ್ಲ ಕಡೆಗೂ ಫೋನ್ ಮಾಡಿದೆ. ಆ ಹೆಸರು ಕೇಳಿದವರೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣಬೇಕಾದವರು ಎದುರಿಗೆ ನಿಂತಿದ್ದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಹೊಲಿಗೆಯಮ್ಮ ಬೈಯಲಿಲ್ಲ. ಕೌಂಟರಿನ ಅಂಚನ್ನು ಹಿಡಿದುಕೊಂಡು, "ನೀವೇ ಬಂದು ಹೇಳಿ. ನಂಗೆ ಹೇಳೋಕಾಗಲ್ಲ," ಎಂದರು.

"ಯಾರಿಗೆ?"

"ಅಕ್ಕನಿಗೆ. ಓದೋದು ಅವಳು. ನಾನು ಕೇಳ್ತೀನಿ ಅಷ್ಟೇ."

"ನೀವೇ ಹೇಳಬಹುದಲ್ಲ?"

"ನಾವು ಮಾತಾಡಲ್ಲ."

ದಾರಿಯಲ್ಲಿ ವಿಷಯ ತಿಳಿಯಿತು. ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಇಬ್ಬರಿಗೂ ಮದುವೆಯಿಲ್ಲ. ಹನ್ನೆರಡು ವರ್ಷದ ಹಿಂದೆ ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹೆಂಡತಿ ತೀರಿಕೊಂಡ ಒಬ್ಬರು, ಒಳ್ಳೆಯವರು, ದೂರದ ಊರು. ಆ ವರನ ತಂಗಿ ಹೆಣ್ಣು ನೋಡಲು ಬಂದಾಗ ಅಕ್ಕ ಒಳಗಿದ್ದರು. ಹೊಲಿಗೆಯಮ್ಮ ಹೊರಗೆ ಕೂತು, ಅಕ್ಕನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು ಎಂದು ಹೇಳಿದರು. ಬಂದದ್ದು ಎರಡೇ ಸಲ, ಏಳನೆಯ ವಯಸ್ಸಿಗೆ ನಿಂತುಹೋಗಿತ್ತು. ಅದನ್ನು ಹೇಳಲಿಲ್ಲ. ಒಳಗಿದ್ದ ಅಕ್ಕನಿಗೆ ಎಲ್ಲ ಕೇಳಿಸಿತು. ಬಂದವರು ಮತ್ತೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅಕ್ಕ ತಂಗಿಯೊಡನೆ ಒಂದು ಮಾತೂ ಆಡಿಲ್ಲ. ಎಣ್ಣೆ, ಸೋಪು ಮುಗಿದರೆ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ ಸ್ಲೇಟಿನಲ್ಲಿ ಬರೆಯುತ್ತಾರೆ.

"ಕೆಲವು ತಿಂಗಳಾದ್ಮೇಲೆ ನಾನು ನಿಮ್ಮಲ್ಲಿಂದ ಆ ಪುಸ್ತಕ ತಂದೆ," ಎಂದರು ಹೊಲಿಗೆಯಮ್ಮ. "ಓದೋಕೆ ಪುರುಸೊತ್ತಾಗದೆ ಮಷೀನಿನ ಮೇಲೆ ಬಿದ್ದಿತ್ತು. ಒಂದು ಸಂಜೆ ಅಕ್ಕ ಅದನ್ನ ತಗೊಂಡು ಕಿಟಕಿ ಕಡೆ ಮುಖ ಮಾಡಿ ಜೋರಾಗಿ ಓದಿದ್ಲು. ನಂಗಲ್ಲ, ಕಿಟಕಿಗೆ. ನಾಲ್ಕು ಪುಟ. ಮಾರನೇ ದಿನವೂ ನಾಲ್ಕು. ನಾನು ಆಗ ಮಷೀನ್ ತುಳಿಯಲ್ಲ, ಗುಂಡಿ ಹೊಲಿಯೋದು, ಅಂಚು ಮಡಿಸೋದು, ಸದ್ದಿಲ್ಲದ ಕೆಲಸ ಇಟ್ಕೊಂಡಿರ್ತೀನಿ. ಈ ಪುಸ್ತಕ ಮುಗಿದ್ರೆ ಅವಳ ದನಿ ಇರಲ್ಲ ಮನೇಲಿ."

ಮೂವತ್ತೊಂದರ ಆಚೆ ಏನೂ ಇಲ್ಲವೆಂದಾಗ ಅವರ ಮುಖ ಸಪ್ಪಗಾದದ್ದು ಏಕೆಂದು ಆಗ ಅರ್ಥವಾಯಿತು. ನಾಲ್ಕು ಸಂಪುಟವೆಂದರೆ ಅವರಿಗೆ ಇನ್ನೂ ಒಂದೂವರೆ ವರ್ಷ. ಅದನ್ನು ನಾನು ರಟ್ಟು ಮಾಡಿಸಿದ್ದೆ.

ಎರಡು ಮೆಟ್ಟಿಲುಸಾಲು ಹತ್ತಿದರೆ ಒಂದು ದೊಡ್ಡ ಕೋಣೆ, ಅದರಾಚೆ ಅಡುಗೆಮನೆ. ಒಂದು ಗೋಡೆಗೆ ಹೊಲಿಗೆ ಮಷೀನು, ಕಿಟಕಿಯ ಬಳಿ ಆರಾಮಕುರ್ಚಿ. ಕುರ್ಚಿಯಲ್ಲಿದ್ದವರು ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

"ಬನ್ನಿ, ಕೂತ್ಕೊಳ್ಳಿ. ಟೀ ಇಡೋದಾದ್ರೆ ನಂಗೂ ಒಂದು ಲೋಟ ಅಂತ ಅವಳಿಗೆ ಹೇಳಿ."

ತಂಗಿ ನನ್ನ ಪಕ್ಕದಲ್ಲೇ ನಿಂತಿದ್ದರು. ಆದರೂ ಹೇಳಿದೆ. ಆಮೇಲೆ ಬಂದ ಕೆಲಸ ಮುಗಿಸಿದೆ: ಪುಸ್ತಕ ಇಲ್ಲ, ಎಲ್ಲೂ ಸಿಗುವುದಿಲ್ಲ, ತಪ್ಪು ನನ್ನದು.

"ಸರಿ," ಎಂದರು ಅಕ್ಕ. "ಅವನು ಹಡಗು ಹತ್ತಿದ್ದ. ವಾಪಸ್ ಬರ್ತಾನೆ ಬಿಡಿ. ಹಡಗು ಕಟ್ಟೋರ ಮನೆ ಹುಡುಗ, ದಾರಿ ಗೊತ್ತಿರುತ್ತೆ."

ಟೀ ಎಲೆಯ ಡಬ್ಬಿ ಹಿಡಿದಿದ್ದ ತಂಗಿ ನನ್ನತ್ತ ತಿರುಗಿದರು. "ಬರಲ್ಲ ಅಂತ ಹೇಳಿ ಅವಳಿಗೆ."

"ಬರಲ್ಲವಂತೆ," ಎಂದೆ.

"ಅವಳಿಗೇನು ಗೊತ್ತು ಕೇಳಿ. ಅಮ್ಮನಿಗೆ ಮಾತು ಕೊಟ್ಟು ಹೋಗಿದ್ದಾನೆ."

"ಮಾತು ಕೊಟ್ಟಿದ್ದಾನಂತೆ," ಎಂದೆ. ಆಪರೇಟರ್ ಆಗಿದ್ದವರು ಅವರು, ನಡುವಿನ ತಂತಿ ಈಗ ನಾನು.

"ಮಾತು ಕೊಟ್ರೆ ಏನಾಯ್ತು ಅಂತ ಕೇಳಿ! ಅಲ್ಲಿ ಹೊಸ ಮನೆ, ಹೊಸ ಜನ. ಮೊದಲು ವಾರಕ್ಕೊಂದು ಕಾಗದ, ಆಮೇಲೆ ತಿಂಗಳಿಗೊಂದು, ಆಮೇಲೆ ಅದೂ ಇಲ್ಲ."

"ಎಲ್ಲಾದ್ರೂ ಉಂಟಾ? ಬಂದೇ ಬರ್ತಾನೆ!" ಈ ಸಲ ಅಕ್ಕ ನನ್ನನ್ನು ನೋಡಲಿಲ್ಲ.

"ಬರಲ್ಲ ಕಣೇ! ಹೋದೋರು ಯಾರೂ ಬರಲ್ಲ! ನೀನು ಬರ್ತಿದ್ಯಾ? ಅಷ್ಟು ದೂರ ಮದುವೆಯಾಗಿ ಹೋಗಿದ್ರೆ ನೀನು ಬರ್ತಿದ್ಯಾ? ಅದಕ್ಕೇ ಕಣೇ ನಾನು ಅವತ್ತು ಅವರಿಗೆ ಹಾಗೆ ಹೇಳಿದ್ದು!"

ನನಗೆ ಎದ್ದು ಹೋಗಬೇಕೆನಿಸಿತು, ಬಾಗಿಲಿಗೆ ತಂಗಿ ಅಡ್ಡ ನಿಂತಿದ್ದರು. ಹೇಳಬಾರದ್ದು ಬಾಯಿಂದ ಬಿದ್ದುಹೋಗಿದೆ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

"ಅದಕ್ಕಾ?" ಎಂದರು ಅಕ್ಕ.

"ಹೂಂ."

"ನಾನು ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ. ಇಷ್ಟು ವರ್ಷ."

"ಒಬ್ಳೇ ಆಗ್ತೀನಿ ಅಂತ ಹೆದರಿಕೆ ಆಯ್ತು."

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಾವಿರಾರು ಜನರ ಮಾತು ಜೋಡಿಸಿದವರು ತಂಗಿಯ ಕಡೆಗೇ ತಿರುಗಿದರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ? ನಾನೇ ಬೇಡ ಅಂತ ಹೇಳೋಳಿದ್ದೆ. ನಿನ್ನ ಬಿಟ್ಟು ಹೇಗೆ ಹೋಗೋದು? ಅವತ್ತು ಒಳಗೆ ಕೂತು ಅದನ್ನೇ ಅವರಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೆ."