ತೊಳೆದ ಬೆಲ್ಟುಗಳು

"ಕಣ್ಣು ಹಣೇಲಿದೆಯೋ ಬೆನ್ನಲ್ಲಿದೆಯೋ ನಿಂಗೆ? ಎರಡು ದಿನದಿಂದ ಫೋನು ಬಾಯಿ ಬಡ್ಕೋತಿದೆ, ಚುಕ್ಕಿ ಮೆಲುಕು ಹಾಕ್ತಿಲ್ಲ ಅಂತ!"

"ಹಾಕ್ತಿದೆ ಅತ್ತಿಗೆ. ಬಂದು ನೋಡಿ. ನಿಮ್ಮ ಫೋನಿಗೇ ತಲೆ ಕೆಟ್ಟಿದೆ."

"ಕೆಟ್ಟಿರೋದು ನಿನ್ನ ತಲೆ! ಸೋಮಾರಿ!"

ಕೊಟ್ಟಿಗೆಯ ತಗಡು ಅದುರುವಂಥ ಗಂಟಲು ಅತ್ತಿಗೆಯದು. ಗಂಡ ಹೋದ ಮೇಲೆ ಈ ಮೈದುನನೊಬ್ಬನನ್ನೇ ನಂಬಿ ಹದಿನೆಂಟು ಹಸು ಸಾಕಿದವಳು. ಆರು ತಿಂಗಳ ಹಿಂದೆ ಒಂದೊಂದರ ಕೊರಳಿಗೂ ಬೆಲ್ಟು ಕಟ್ಟಿಸಿದ್ದಳು. ಹಸು ಎಷ್ಟು ಹೊತ್ತು ಮೆಲುಕು ಹಾಕಿತು, ಎಷ್ಟು ನಡೆಯಿತು ಎಂದು ಬೆಲ್ಟಿನ ಯಂತ್ರ ಫೋನಿಗೆ ತಿಳಿಸುತ್ತದೆ. ಅಂದಿನಿಂದ ಅತ್ತಿಗೆ ಹಸುವಿನ ಮುಖ ಬಿಟ್ಟು ಫೋನಿನ ಮುಖ ನೋಡುತ್ತಾಳೆಂದು ಮೈದುನ ಚುಚ್ಚುತ್ತಿದ್ದ.

ಅವಳು ಕರೆಸಿದ್ದ ಡಾಕ್ಟರಮ್ಮ ಅಷ್ಟರಲ್ಲಿ ಬಂದಳು. ಚುಕ್ಕಿಯ ಪಕ್ಕೆಗೆ ಸ್ಟೆತಸ್ಕೋಪ್ ಒತ್ತಿ ಆಲಿಸಿದಳು.

"ಇದಕ್ಕೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೆ."

ಮೈದುನ ಹುಬ್ಬು ಹಾರಿಸಿದ. ಡಾಕ್ಟರಮ್ಮ ನಗಲಿಲ್ಲ. ಚುಕ್ಕಿಯ ಕಿವಿಯ ಓಲೆಯ ನಂಬರು ನೋಡಿದಳು, ಹನ್ನೆರಡು. ಕೊರಳ ಬೆಲ್ಟು ನೋಡಿದಳು, ಹದಿನೇಳು.

"ಬೆಲ್ಟು ಅದಲುಬದಲಾಗಿದೆ. ಮೆಲುಕು ಹಾಕದಿರೋದು ಹದಿನೇಳು. ಅದು ಯಾವುದು?"

ಅತ್ತಿಗೆ ಬಾಗಿ ಆ ಬೆಲ್ಟನ್ನೇ ನೋಡಿದಳು. ಭಾನುವಾರ ಸಗಣಿ ಮೆತ್ತಿದ್ದ ಎರಡು ಬೆಲ್ಟು ಬಿಚ್ಚಿ ಸೋಪಿನಲ್ಲಿ ತೊಳೆದು ಒಣಹಾಕಿದವಳು ಅವಳೇ. "ಅದೇನು ರವಿಕೇನಾ ಒಗೆಯೋಕೆ? ಅಲ್ಲೇ ಒರೆಸಿ ಸಾಕು," ಎಂದ ಮೈದುನನನ್ನು ಗದರಿ ಓಡಿಸಿದ್ದಳು. ತಿರುಗಿ ಕಟ್ಟಿದವಳೂ ಅವಳೇ.

ಹದಿನೇಳು ಎಂದರೆ ರಾಣಿ. ತುಂಬು ಗಬ್ಬ. ಹಾಲು ಕೊಡದ ಹಸುವೆಂದು ಹಿಂದಿನ ಬೇಲಿಯೊಳಗೆ ಬೇರೆ ಬಿಟ್ಟಿದ್ದರು. ದಿನ ತುಂಬಿದ ಹಸು ಮಂಕಾಗಿ ಮಲಗುವುದು ಇದ್ದದ್ದೇ ಎಂದು ಇಬ್ಬರೂ ಹುಲ್ಲು ಎಸೆದು ಬಂದಿದ್ದರು. ಈಗ ನೋಡಿದರೆ ಅದರ ಕಿವಿ ತಣ್ಣಗಾಗಿತ್ತು, ಕತ್ತು ಪಕ್ಕೆಗೆ ಮಡಚಿಕೊಂಡಿತ್ತು.

ಡಾಕ್ಟರಮ್ಮ ಭುಜದವರೆಗೆ ಗ್ಲೌಸು ಏರಿಸಿ ಕೈ ಹಾಕಿದಳು. "ಕರು ಒಳಗೇ ಸತ್ತಿದೆ. ನಿನ್ನೆ ಬೆಳಿಗ್ಗೆ ಕರೆದಿದ್ರೆ ಎರಡೂ ಉಳೀತಿತ್ತೇನೋ. ಈಗ ತಾಯಿ ಉಳಿದ್ರೆ ಸಾಕು. ಬೆಲ್ಟು ಬಿಚ್ಚಿದ್ದು ಯಾರು?"

"ಕೊಟ್ಟಿಗೆ ಕೆಲಸ ಎಲ್ಲಾ ಇವನದ್ದೇ," ಎಂದುಬಿಟ್ಟಳು ಅತ್ತಿಗೆ.

ಮೈದುನ ಅವಳನ್ನೊಮ್ಮೆ ನೋಡಿದ. ಡಾಕ್ಟರಮ್ಮ ಕರುವಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿದ.

ಒಂದು ಗಂಟೆ ಎಳೆದರು. ಡಾಕ್ಟರಮ್ಮ ಒಳಗೆ ಕರುವಿನ ಕಾಲು ತಿರುಗಿಸುತ್ತಾ, ಹೊರಗೆ ಮೈದುನನಿಗೆ ಬಯ್ಯುತ್ತಾ ಇದ್ದಳು. "ಇಷ್ಟು ವರ್ಷ ಹಸು ಸಾಕಿ ಕಲಿತದ್ದು ಇದೇನಾ? ನಿನ್ನ ಕೈಗೆ ಯಂತ್ರ ಕೊಟ್ಟವರನ್ನ ಅನ್ನಬೇಕು!" ಅವನು ತಲೆ ತಗ್ಗಿಸಿ ಎಳೆದ. ಅತ್ತಿಗೆ ಗ್ಲೂಕೋಸಿನ ಬಾಟಲಿ ಎತ್ತಿ ಹಿಡಿದಿದ್ದಳು. ಬಿಚ್ಚಿದ್ದು ನಾನು ಎನ್ನುವ ಮಾತು ಮೂರು ಸಲ ಗಂಟಲಿಗೆ ಬಂದು ಮೂರು ಸಲವೂ ಒಳಗೆ ಹೋಯಿತು.

ಸತ್ತ ಕರು ಹೊರಬಂತು. ರಾಣಿ ತಲೆ ಎತ್ತಿತು. ಡಾಕ್ಟರಮ್ಮ ಬೆಲ್ಟುಗಳನ್ನು ಸರಿಯಾಗಿ ಕಟ್ಟಿ ಹೊರಟಳು.

ಮೈದುನ ನಲ್ಲಿಯಡಿ ಕೈ ತೊಳೆದ. ಗಮ್‌ಬೂಟು ಕಳಚಿ ಬಾಗಿಲ ಪಕ್ಕ ಜೋಡಿಸಿದ. ಬೀಗದ ಕೈ ಬೂಸಾ ಡಬ್ಬದ ಮೇಲಿಟ್ಟ.

"ಊಟ ಮಾಡು ಬಾರೋ. ನಾಳೆ ನಾನೇ ಡಾಕ್ಟರಮ್ಮಂಗೆ ನಿಜ ಹೇಳ್ತೀನಿ."

"ಇವತ್ತು ನಾನು ಎದುರಿಗೇ ಇದ್ದೆನಲ್ಲ ಅತ್ತಿಗೆ."

ಅವನು ಚಪ್ಪಲಿ ಮೆಟ್ಟಿದ. ಅಳು ಬರಬೇಕಾದ ಕಡೆ ಅವಳಿಗೆ ಸಿಟ್ಟು ಬಂತು.

"ಹೋಗು! ಹೊಟ್ಟೆ ಚುರುಗುಟ್ಟಿದ್ರೆ ಸಂಜೆ ನೀನೇ ಬರ್ತೀಯ!"

ಸಂಜೆ ಕೆಚ್ಚಲು ಬಿಗಿದ ಹಸುಗಳು ಒಂದೇ ಸಮ ಅಂಬಾ ಎಂದವು. ಅವಳೊಬ್ಬಳೇ ಹಾಲು ಕರೆಯಲು ಕೂತಳು. ಫೋನು ಟಿಂಗ್ ಎಂದಿತು: ರಾಣಿ ಮೆಲುಕು ಹಾಕುತ್ತಿದೆ. "ಮೆಲುಕು ಹಾಕ್ತು ಕಣೋ!" ಎಂದು ಗೇಟಿನ ಕಡೆ ತಿರುಗಿದಳು. ಗೇಟು ತೆರೆದೇ ಇತ್ತು.

ಮಾರನೆಯ ದಿನ ಡಾಕ್ಟರಮ್ಮನಿಗೆ ನಿಜ ಹೇಳಿದಳು. "ನಂಗ್ಯಾಕೆ ಹೇಳ್ತೀರಿ? ಅವನಿಗೆ ಹೇಳಿ," ಎಂದಳು ಅವಳು.

ಗಮ್‌ಬೂಟು ಬಾಗಿಲ ಪಕ್ಕವೇ ಒಣಗಿ ಬಿರಿಯಿತು. ಅವನು ಬರಲಿಲ್ಲ.