ಒಡ್ಡಿನ ಕಲ್ಲು ಕೀಳಬೇಡ, ರಂಗವ್ವ

ಮಳೆ ಬಂತೆಂದರೆ ಊರೆಲ್ಲ ಹಿಗ್ಗುತ್ತದೆ. ಆದರೆ ಹುನಗುಂದ ಸೀಮೆಯ ಇಳಿಜಾರು ಹೊಲದವರನ್ನು ಕೇಳಿ ನೋಡಿ. ಜೋರು ಮಳೆಯ ಮರುದಿನ ಅವರಿಗೆ ಹಳ್ಳದ ಕಡೆ ನೋಡಲು ಮನಸ್ಸಾಗುವುದಿಲ್ಲ. ಅವರ ಹೊಲದ ಮೇಲ್ಮಣ್ಣು ಅಲ್ಲಿ ಕೆಂಪಗೆ ಹರಿದು ಹೋಗುತ್ತಿರುತ್ತದೆ. ಒಡ್ಡು ಹಾಕಿರಪ್ಪ ಎಂದರೆ ಬೆಳೆಯ ಪಾಲು ಕೊಟ್ಟು ಕೋರಿಗೆ ಮಾಡುವವರದು ಒಂದೇ ಮಾತು: “ಹೊಲ ಧಣ್ಯಾರ್ದು. ನಡಾ ಮುರಕೊಳ್ಳಾವ್ರು ನಾವ್ಯಾಕ?”

ರಂಗವ್ವನ ಗಂಡ ಹುಲ್ಲಪ್ಪ ಮಾತ್ರ ಹಾಗೆ ಅನ್ನಲಿಲ್ಲ. ವಾಡೆಯ, ಅಂದರೆ ಊರ ದೊಡ್ಡಮನೆಯ, ಧಣಿಯ ನಾಲ್ಕು ಎಕರೆಯನ್ನು ಅವನು ಇಪ್ಪತ್ತು ವರ್ಷ ಕೋರಿಗೆ ಮಾಡಿದ. ಅರ್ಧ ಬೆಳೆ ವಾಡೆಗೆ, ಅರ್ಧ ಮನೆಗೆ. ಏಳು ಬೇಸಿಗೆ ಮಣ್ಣು ಹೊತ್ತು ಹೊಲದ ಕೆಳಗಿನ ಅಂಚಿಗೆ ಒಡ್ಡು ಹಾಕಿದ. ಹೆಚ್ಚಾದ ನೀರು ಒಡ್ಡನ್ನು ಒಡೆಯದೆ ಮೆಲ್ಲಗೆ ಇಳಿದು ಹೋಗಲೆಂದು ಇಳಕಲ್ಲಿನ ಕಲ್ಲುಕುಟಿಗ ಹುಸೇನಸಾಬನನ್ನು ಕರೆಸಿ ಕಲ್ಲಿನ ಕೋಡಿ ಕಟ್ಟಿಸಿದ. ಕೂಲಿಗೆ ತನ್ನ ಹಿಂಡಿನ ಒಳ್ಳೆಯ ಕುರಿಯನ್ನೇ ಕೊಟ್ಟ. ಮೊದಲ ಕಲ್ಲಿಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದವಳು ರಂಗವ್ವ. ಸುತ್ತಲಿನ ಹೊಲಗಳು ಬೋಳಾದರೂ ಆ ನಾಲ್ಕು ಎಕರೆಯಲ್ಲಿ ಬಿಳಿಜೋಳ ಆಳೆತ್ತರ ನಿಲ್ಲುತ್ತಿತ್ತು. ಹುಲ್ಲಪ್ಪ ಜ್ವರದಲ್ಲಿ ತೀರಿಕೊಂಡ ಮೇಲೂ ಮೈದುನ ಅಮಸಿದ್ದಪ್ಪನನ್ನು ಜೊತೆಗೆ ಹಾಕಿಕೊಂಡು ಅವಳು ಬೇಸಾಯ ಬಿಡಲಿಲ್ಲ.

ಯುಗಾದಿಯ ದಿನ ವಾಡೆಯವರು ಕೋರಿನವರ ಕೈಗೆ ಎಲೆ ಅಡಿಕೆ ಕೊಟ್ಟು “ಈ ವರ್ಷಾನೂ ಮಾಡು” ಎನ್ನುವುದು ವಾಡಿಕೆ. ಕರಾರು ಎಂದರೆ ಅಷ್ಟೇ. ಹುಲ್ಲಪ್ಪ ಸತ್ತ ಎರಡನೇ ವರ್ಷ, 1976ರ ಯುಗಾದಿಗೆ ರಂಗವ್ವನ ಕೈಗೆ ಎಲೆ ಬೀಳಲಿಲ್ಲ.

“ಇನ್ನ ಮ್ಯಾಲೆ ವಾಡೇದಾವ್ರ ಮಾಡ್ತಾರ. ಹೊಲ ಬಿಡು” ಎಂದ ವಾಡೆಯ ಕಾರಭಾರಿ.

ಆ ಊರಿನಲ್ಲಿ ಒಂದು ರೂಢಿ ಇತ್ತು. ಹೊಲ ಬಿಡುವ ಕೋರಿನವನು ತಾನು ಹಾಕಿದ ಕಲ್ಲನ್ನು ಕಿತ್ತು ಮನೆಗೆ ಒಯ್ಯುತ್ತಿದ್ದ. ಹೊಲ ಹಾಳಾಗುತ್ತಿತ್ತು, ಒಯ್ದ ಕಲ್ಲು ಅಂಗಳದಲ್ಲಿ ಬಿದ್ದಿರುತ್ತಿತ್ತು. ಇದರಷ್ಟು ಕೆಟ್ಟ ರೂಢಿ ಇನ್ನೊಂದಿಲ್ಲ ಎಂದು ನಾವು ನೀವು ಕೂತು ಹೇಳಬಹುದು. ರಂಗವ್ವನ ಹೊಟ್ಟೆಯ ಉರಿ ನಮಗೆ ಗೊತ್ತಿಲ್ಲವಲ್ಲ. ಮೂರನೇ ದಿನ ಅವಳು ಹಾರೆ ಹಿಡಿದು ಕೋಡಿಗೆ ಇಳಿದಳು. ಅಮಸಿದ್ದಪ್ಪ ಬಂಡಿ ತಂದ.

ಹನ್ನೊಂದು ಕಲ್ಲು ಬಂಡಿಗೆ ಏರಿದ್ದವು. ಆಗ ಪಕ್ಕದ ಹೊಲದಿಂದ ಬಾಳಮ್ಮ ಬಂದಳು. ಊರಿನ ಮಹಿಳಾ ಮಂಡಳದಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವವಳು ಅವಳೇ.

“ಏನ್ ಮಾಡಾಕತ್ತೀ ಅಕ್ಕಾ?”

“ನನ್ನ ಗಂಡನ ಕಲ್ಲು. ನನ್ನ ಮನಿಗೆ ಒಯ್ತೇನಿ.”

“ಕಲ್ಲು ನಿನ್ನ ಗಂಡಂದು. ಹೊಲಾ ಯಾರ್ದು? ಈಗ ಕಾಯ್ದೆ ಬಂದೈತಿ. ಕೋರಿಗೆ ಮಾಡಾವ್ರು ಏಳನೇ ನಂಬರ ಫಾರ್ಮ್ ಕೊಡಬೇಕು. ಭೂ ನ್ಯಾಯಮಂಡಳಿಯಾವ್ರು ವಿಚಾರಣಿ ಮಾಡ್ತಾರ. ಖರೆ ಅಂತ ಕಂಡ್ರ ಹೊಲ ಉಳುವಾವ್ರ ಹೆಸರಿಗೆ ಆಗ್ತೈತಿ. ನಮ್ಮದೂ ಹಂಗ ಆತು.”

ಅಮಸಿದ್ದಪ್ಪ ಬಂಡಿಯ ಬಳಿಯಿಂದಲೇ ಗದರಿದ. “ಉಂಡ ಮನಿ ಜಂತಿ ಎಣಸಂತೀಯೇನು? ಆ ಮನಿ ಹೊಲದಾಗ ಇಪ್ಪತ್ತು ವರ್ಷ ಉಂಡೇವಿ.”

“ಅವರೂ ಇಪ್ಪತ್ತು ವರ್ಷ ನಿಮ್ಮ ಬೆವರ ಉಂಡಾರಪಾ. ಮತ್ತ ಅವರಿಗೆ ಸರಕಾರ ಪರಿಹಾರ ಕೊಡ್ತೈತಿ. ಯಾರದೂ ಕಸಗೊಂಡಂಗಲ್ಲ.”

ರಂಗವ್ವ ಹಾರೆ ಊರಿ ನಿಂತಳು. “ನನ್ನ ಕಡೆ ಒಂದ ಚೀಟಿ ಇಲ್ಲ ಬಾಳಮ್ಮಾ. ಪಹಣಿಯಾಗ ವಾಡೇದ ಹೆಸರೈತಿ. ನಾ ಗಂಡ ಸತ್ತ ಹೆಣಮಗಳು, ಓದಾಕ ಬರಿಯಾಕ ಬರೂದಿಲ್ಲ.”

“ಹೆಬ್ಬೆಟ್ಟು ಸಾಕು. ಗಂಡ ಸತ್ರ ಹೆಣತಿ ಅರ್ಜಿ ಕೊಡಬಹುದು. ಚೀಟಿ ಇಲ್ಲ ಅಂತೀ, ಇದೇನು ಮತ್ತ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಈ ಒಡ್ಡ ನಿನ್ನ ಚೀಟಿ. ಅದನ್ನ ನೀನ ಹರ್ಯಾಕತ್ತೀಯಲ್ಲ.”

ರಂಗವ್ವನಿಗೆ ಮಾತು ನಾಟಿತು, ನಂಬಿಕೆ ಬರಲಿಲ್ಲ. ವಾಡೆಯವರನ್ನು ಎದುರಿಸಿ ಬಾಳಿದವರನ್ನು ಅವಳು ಕಂಡಿರಲಿಲ್ಲ. ನಾಳೆ ನೋಡೋಣ ಎಂದು ಮನೆಗೆ ಹೋದಳು.

ಅದೇ ಸಂಜೆ ರೇವತಿ ಮಳೆ ಬಿತ್ತು. ಒಂದು ತಾಸು ಹೊಡೆದು ನಿಂತಿತು.

ಬೆಳಿಗ್ಗೆ ಬಂದು ನೋಡಿದರೆ, ಹನ್ನೊಂದು ಕಲ್ಲು ಕಿತ್ತ ಸಂದಿನಲ್ಲಿ ನೀರು ನುಗ್ಗಿ ಹೊಲದೊಳಗೆ ಎದೆಯುದ್ದ ಕೊರಕಲು ಬಿದ್ದಿತ್ತು. ತಳದಲ್ಲಿ ಬರೀ ಗರಸು ಕಲ್ಲು ಕಾಣುತ್ತಿತ್ತು. ರಂಗವ್ವ ಅದರೊಳಗೆ ಇಳಿದು ಕುಳಿತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

“ಏಳು ವರ್ಷ ಹೊತ್ತಾರ. ಒಂದ ತಾಸಿನ್ಯಾಗ ನಾ ಕಳದೆ” ಎಂದಳು.

ಅಮಸಿದ್ದಪ್ಪ ಬಂಡಿ ತಂದು ಕಲ್ಲು ಇಳಿಸತೊಡಗಿದ. ಕೊನೆಯ ಕಲ್ಲು ಕೂಡಿಸಿದ ಮೇಲೆ ಅವನೇ ಬಾಳಮ್ಮನ ಬಾಗಿಲಿಗೆ ಹೋಗಿ ಕೇಳಿದ: “ತಂಗೀ, ಆ ಫಾರ್ಮ್ ಎಲ್ಲಿ ಕೊಡ್ತಾರ?”

ಹುನಗುಂದಕ್ಕೆ ಹೋದರು. ಬಾಳಮ್ಮ ಬರೆದಳು, ರಂಗವ್ವ ಹೆಬ್ಬೆಟ್ಟು ಒತ್ತಿದಳು. ಅರ್ಜಿ ಮುಟ್ಟಿದ್ದಕ್ಕೆ ರಸೀದಿ ಇಸಿದುಕೊಂಡೇ ಬಂದರು. ವಿಚಾರಣೆ ಒಂದೂವರೆ ವರ್ಷ ನಡೆಯಿತು. ವಾಡೆಯಿಂದ ಬೆದರಿಕೆ ಬಂತು, ನೆರೆಯವರು ಮಾತು ಬಿಟ್ಟರು. ರಂಗವ್ವ ಮಾತ್ರ ಹೊಲ ಬಿಡಲಿಲ್ಲ. ಕೊನೆಗೆ ನ್ಯಾಯಮಂಡಳಿಯವರು ಹೊಲಕ್ಕೇ ಬಂದರು. ಧಣಿಯೂ ಕಾರಭಾರಿಯೂ ಬಂದು ನಿಂತರು.

“ಈ ಹೊಲ ಮೊದಲಿಂದ ನಾವ ಮಾಡೇವ್ರಿ. ಇಕಿ ಕೂಲಿಯಾಕಿ” ಎಂದ ಕಾರಭಾರಿ.

ಮಂಡಳಿಯ ಅಧ್ಯಕ್ಷರು ಒಡ್ಡಿನ ಉದ್ದಕ್ಕೂ ನಡೆದು ಕೋಡಿಯ ಬಳಿ ನಿಂತರು. “ಕೋಡಿಯನ್ನ ನಡುವೆ ಬಿಟ್ಟು ಈ ಮೂಲೆಯಲ್ಲಿ ಯಾಕೆ ಕಟ್ಟಿದಿರಿ?”

ಕಾರಭಾರಿ ಧಣಿಯ ಮುಖ ನೋಡಿದ. ಧಣಿ ಒಡ್ಡಿನ ಮುಖ ನೋಡಿದರು.

“ಮೊದಲ ನಡುವ ಕಟ್ಟಿದ್ವಿರಿ” ಎಂದಳು ರಂಗವ್ವ. “ಎರಡ ಸಲ ಒಡೀತು. ನಮ್ಮನಿಯವ್ರು ಮಳಿಯಾಗ ನಿಂತು ನೀರು ಎತ್ತಾಗ ತಿರಗತೈತಿ ಅಂತ ನೋಡಿ ಇಲ್ಲಿಗೆ ತಂದ್ರು.”

ಸಾಕ್ಷಿಗೆ ಬಂದಿದ್ದ ಮುದುಕ ಹುಸೇನಸಾಬ ಕೋಡಿಯ ಮೇಲೆ ಕೈಯಿಟ್ಟ. “ಈ ಕಲ್ಲು ನಾ ಕಡದದ್ದು ಸಾಹೇಬ್ರ. ಹುಲ್ಲಪ್ಪ ಎತ್ತಿ ಕೊಟ್ಟ, ನಾ ಕೂಡಿಸಿದೆ.”

“ಇಲ್ಲಿ ಹನ್ನೊಂದು ಕಲ್ಲು ಬೇರೆ ಥರ ಕೂತಿವೆಯಲ್ಲ?” ಎಂದರು ಅಧ್ಯಕ್ಷರು.

ವಾಡೆಯವರು ಕಿತ್ತರೆಂದು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ರಂಗವ್ವ ತಲೆಯ ಸೆರಗು ಸರಿಮಾಡಿಕೊಂಡಳು.

“ಅವನ್ನ ಕಿತ್ತಾಕಿ ನಾನ ರೀ. ಹೊಲ ನಂದಲ್ಲ ಅಂತ ತಿಳದು ಕಿತ್ತೆ.”

 ಅಧ್ಯಕ್ಷರು ಅದನ್ನು ಹಾಗೆಯೇ ಬರೆದುಕೊಂಡರು.

ಈಗ ಪಹಣಿಯಲ್ಲಿ ರಂಗವ್ವನ ಹೆಸರಿದೆ. ಬಾಳಮ್ಮ ಅದನ್ನು ಓದಿ ಹೇಳಿದ ದಿನ ಅವಳು ಅದನ್ನು ಮೂರು ಸಲ ಓದಿಸಿದಳು. ಹೋದ ಬೇಸಿಗೆಯಲ್ಲಿ ಅವಳೂ ಅಮಸಿದ್ದಪ್ಪನೂ ಮೇಲ್ಗಡೆ ಎರಡನೇ ಒಡ್ಡು ಹಾಕಿದ್ದಾರೆ. ಪ್ರತಿ ಮಳೆಗೂ ಕೊರಕಲಿನಲ್ಲಿ ಇಷ್ಟಿಷ್ಟೇ ಮಣ್ಣು ನಿಲ್ಲುತ್ತಿದೆ. ಅದು ತುಂಬಿ ಮೊದಲಿನಂತಾಗಲು ಇನ್ನೂ ಬಹಳ ವರ್ಷ ಬೇಕು.

ಅಣ್ಣಂದಿರೇ, ಅಕ್ಕಂದಿರೇ, ನೀವೂ ಕೋರಿಗೋ ವರ್ಷದ ಗೇಣಿ ಕೊಡುವ ಲಾವಣಿಗೋ ಹೊಲ ಮಾಡಿದವರಾದರೆ, ಇನ್ನೂ ಅರ್ಜಿ ಕೊಟ್ಟಿಲ್ಲವಾದರೆ, ಈ ವರ್ಷ 1979ರ ಜೂನ್ ಮೂವತ್ತೇ ಕೊನೆಯ ದಿನ. ಚಾವಡಿಗೆ ಹೋಗಿ ನಿಮ್ಮ ಪಹಣಿ ಓದಿಸಿ ಕೇಳಿ. ಓದಿಸದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಅರ್ಜಿ ಕೊಟ್ಟರೆ ರಸೀದಿ ಬಿಡಬೇಡಿ. ಗಂಡ ಇಲ್ಲವೆಂದು ಹೆಂಗಸರು ಹಿಂದೆ ಸರಿಯಬೇಡಿ. ತೀರ್ಪು ಏನೇ ಬರಲಿ, ಒಡ್ಡಿನ ಕಲ್ಲಿಗೆ ಮಾತ್ರ ಕೈ ಹಚ್ಚಬೇಡಿ. ಹಕ್ಕು ತಡವಾಗಿಯಾದರೂ ಬಂದೀತು. ಹಳ್ಳಕ್ಕೆ ಹೋದ ಮಣ್ಣು ಯಾವ ಮಂಡಳಿಗೆ ಅರ್ಜಿ ಕೊಟ್ಟರೂ ತಿರುಗಿ ಬರುವುದಿಲ್ಲ.